ಎರಡು ಪ್ರೊಸೆಸರ್ ಇದ್ದರೂ ಸರ್ವರ್ ನಿಧಾನ: ಜಾಸ್ತಿ ಕೋರ್ ಇರುವ ಒಂದೇ ಪ್ರೊಸೆಸರ್ ಸಾಕಿತ್ತಾ?

ಪ್ರಶ್ನೆ:
ನಮ್ಮ ಸಹಕಾರ ಸಂಘದ ಲೆಕ್ಕಪತ್ರ ಲಿನಕ್ಸ್ ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. ಹಳೆಯ ಸರ್ವರ್‌ನಲ್ಲಿ 8 ಕೋರ್‌ನ ಒಂದೇ ಪ್ರೊಸೆಸರ್ ಇತ್ತು. ಈಗ 8 ಕೋರ್‌ನ ಎರಡು ಝಿಯಾನ್ ಪ್ರೊಸೆಸರ್ ಇರುವ ಸೆಕೆಂಡ್ ಹ್ಯಾಂಡ್ ಸರ್ವರ್ ತಂದಿದ್ದೇವೆ. ರ‍್ಯಾಮ್ 64 ಜಿಬಿ. ಅದೇ ಕೆಲಸ ಒಮ್ಮೆ ಚುರುಕಾಗಿ ಆಗುತ್ತದೆ, ಇನ್ನೊಮ್ಮೆ ಎಳೆಯುತ್ತದೆ. ತಿಂಗಳ ವರದಿಯಂತೂ ಮೊದಲಿಗಿಂತ ಬೇಗ ಬರುತ್ತಿಲ್ಲ. ವಾಪಸ್ ಕೊಟ್ಟು 16 ಕೋರ್‌ನ ಒಂದೇ ಪ್ರೊಸೆಸರ್ ಇರುವುದನ್ನು ತಗೊಳ್ಳೋದಾ ಸರ್?

ಉತ್ತರ:
ಸ್ವಲ್ಪ ತಡೀರಿ. ‘ಒಮ್ಮೆ ಚುರುಕು, ಒಮ್ಮೆ ನಿಧಾನ’ ಅಂದಿರಲ್ಲ, ಅದೇ ಮುಖ್ಯ ಸುಳಿವು. ನ್ಯೂಮಾ-ಸಿಟಿಎಲ್ ಕಮಾಂಡನ್ನು ಹಾರ್ಡ್‌ವೇರ್ ಆಪ್ಷನ್ ಜೊತೆ (numactl --hardware) ಓಡಿಸಿ, ಏನು ಬಂತು ಹೇಳಿ. ಯಾವ ಪ್ರೊಸೆಸರ್ (ಅದರ ಭಾಷೆಯಲ್ಲಿ ‘ನೋಡ್’) ಬಳಿ ಎಷ್ಟು ಮೆಮೊರಿ ಇದೆ ಅಂತ ಅದು ತೋರಿಸುತ್ತದೆ.

ಪ್ರಶ್ನೆ ಕೇಳಿದವರು:
ನೋಡ್ 0ರಲ್ಲಿ ಹೆಚ್ಚುಕಡಿಮೆ 64 ಜಿಬಿ. ನೋಡ್ 1ರಲ್ಲಿ ಸೊನ್ನೆ! ಕೆಳಗೆ ದೂರ ಅಂತ 10 ಮತ್ತು 21 ತೋರಿಸುತ್ತಿದೆ.

ಉತ್ತರ:
ಸಿಕ್ಕಿತು ನೋಡಿ. ರ‍್ಯಾಮ್ ಪೂರ್ತಿ ಮೊದಲ ಪ್ರೊಸೆಸರ್‌ನ ಸ್ಲಾಟ್‌ಗಳಲ್ಲೇ ಕೂತಿದೆ. ಈ ಬೋರ್ಡ್‌ಗಳಲ್ಲಿ ಪ್ರತಿ ಪ್ರೊಸೆಸರ್‌ಗೂ ತನ್ನದೇ ಮೆಮೊರಿ ಸ್ಲಾಟ್‌ಗಳಿರುತ್ತವೆ. ಎರಡನೆಯದಕ್ಕೆ ಸ್ವಂತ ರ‍್ಯಾಮ್ ಇಲ್ಲದಿದ್ದರೆ ಪ್ರತಿ ಸಲವೂ ಪಕ್ಕದ ಪ್ರೊಸೆಸರ್ ಮೂಲಕವೇ ಹೋಗಿ ತರಬೇಕು. 10 ಅಂದರೆ ತನ್ನ ಮೆಮೊರಿ, 21 ಅಂದರೆ ಆಚೆಯದು. ಕೆಲಸ ಯಾವ ಪ್ರೊಸೆಸರ್‌ಗೆ ಬಿತ್ತು ಅನ್ನೋದರ ಮೇಲೆ ವೇಗ ಬದಲಾಗುತ್ತದೆ. ಮುಚ್ಚಳದ ಒಳಭಾಗದಲ್ಲಿ ಸ್ಲಾಟ್‌ಗಳ ಚಿತ್ರ ಅಂಟಿಸಿರುತ್ತಾರೆ. ಪವರ್ ಕೇಬಲ್ ಕಿತ್ತು, ಅದನ್ನು ನೋಡಿಕೊಂಡು ಅರ್ಧ ರ‍್ಯಾಮನ್ನು ಎರಡನೆಯದರ ಕಡೆ ಹಾಕಿ.

ಪ್ರಶ್ನೆ ಕೇಳಿದವರು:
ರ‍್ಯಾಮ್‌ನ ನಾಲ್ಕೂ ಸ್ಟಿಕ್ ಎ ಸಾಲಿನಲ್ಲೇ ಇದ್ದವು, ಮಾರಿದವರು ಹಾಗೇ ಕೂರಿಸಿದ್ದರು. ಎರಡನ್ನು ಬಿ ಸಾಲಿಗೆ ಹಾಕಿದೆ. ಈಗ ಎರಡೂ ನೋಡ್‌ನಲ್ಲಿ 32 ತೋರಿಸುತ್ತಿದೆ. ಕೌಂಟರ್‌ನವರ ದೂರು ನಿಂತಿದೆ, ತುಂಬಾ ಥ್ಯಾಂಕ್ಸ್ ಸರ್. ಆದರೆ ವರದಿ ಅಷ್ಟೇನೂ ಸುಧಾರಿಸಿಲ್ಲ.

ಉತ್ತರ:
ವರದಿಯದ್ದು ಬೇರೆ ಕಥೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಕನೆಕ್ಷನ್‌ಗೆ ಒಂದು ಪ್ರೋಸೆಸ್, ಅದು ಒಮ್ಮೆಗೆ ಒಂದೇ ಕೋರ್ ಬಳಸುತ್ತದೆ. 9.6 ಆವೃತ್ತಿಯಿಂದ ಪ್ಯಾರಲಲ್ ಕ್ವೆರಿ (ಒಂದೇ ಕ್ವೆರಿಯನ್ನು ಹಲವು ಕೋರ್‌ಗಳಿಗೆ ಹಂಚುವುದು) ಬಂದಿದೆ ನಿಜ, ಆದರೆ ಎಲ್ಲ ಕ್ವೆರಿಗೂ ಅದು ಒಗ್ಗುವುದಿಲ್ಲ. ಒಂದೇ ಕೋರ್ ಮೇಲೆ ಓಡುವ ಕ್ವೆರಿಗೆ 16 ಕೋರ್ ಇದ್ದರೂ ಸುಮ್ನೆ. ಅಲ್ಲಿ ಬೇಕಾಗಿರುವುದು ಪ್ರತಿ ಕೋರ್‌ನ ವೇಗ. ಮೊದಲು ಇಂಡೆಕ್ಸ್ (ದಾಖಲೆ ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಸರಿಯಾಗಿದೆಯಾ ನೋಡಿ.

ಮುಂದೆ ಕೊಳ್ಳುವಾಗ ನನ್ನ ಮಾತು ಕೇಳಿ: ಸಣ್ಣ ಸಂಘಕ್ಕೆ ಒಂದೇ ಪ್ರೊಸೆಸರ್ ಸಾಕು. 2005ರಲ್ಲಿ ಎಎಂಡಿಯ ಡ್ಯುಯಲ್ ಕೋರ್ ಆಪ್ಟೆರಾನ್ ಪ್ರೊಸೆಸರ್ ಬಂದಾಗ ಆಯ್ಕೆ ಎರಡು ಕೋರ್ ಒಂದು ಚಿಪ್‌ನಲ್ಲೋ, ಎರಡು ಚಿಪ್‌ನಲ್ಲೋ ಅಂತಿತ್ತು. ಈಗ ಎಎಂಡಿಯದೇ ಒಂದು ಎಪಿಕ್ ಪ್ರೊಸೆಸರ್‌ನಲ್ಲೇ ಡಜನ್‌ಗಟ್ಟಲೆ ಕೋರ್ ಸಿಗುತ್ತವೆ. ಕರೆಂಟ್ ಕಡಿಮೆ, ಶಾಖ ಕಡಿಮೆ, ಈ ದೂರದ ಮೆಮೊರಿಯ ತಲೆನೋವೂ ಕಡಿಮೆ. ರ‍್ಯಾಮ್ ಅಥವಾ ಕಾರ್ಡ್‌ಗಳು ಒಂದು ಪ್ರೊಸೆಸರ್‌ಗೆ ಹಿಡಿಸದಷ್ಟು ಬೇಕಾದಾಗ ಮಾತ್ರ ಎರಡು ಸಾಕೆಟ್ (ಪ್ರೊಸೆಸರ್ ಕೂರಿಸುವ ಜಾಗ) ಯೋಚಿಸಿ. ಎರಡು ಸಾಕೆಟ್ ಬೋರ್ಡ್‌ಗೆ ಸದ್ಯಕ್ಕೆ ಒಂದೇ ಹಾಕೋಣ ಅಂತ ಯಾರಾದರೂ ಹೇಳಿದರೆ, ಖಾಲಿ ಸಾಕೆಟ್‌ನ ರ‍್ಯಾಮ್ ಸ್ಲಾಟ್‌ಗಳೂ ಕೆಲವು ಕಾರ್ಡ್ ಸ್ಲಾಟ್‌ಗಳೂ ಕೆಲಸ ಮಾಡುವುದಿಲ್ಲ ಅನ್ನೋದು ಗೊತ್ತಿರಲಿ.