ಗಣಿತ ಪದವಿಯ ಮೊದಲ ವರ್ಷ: ಏನು ತಯಾರಿ, ಎಲ್ಲಿ ಎಡವುತ್ತಾರೆ?

ಪ್ರಶ್ನೆ: ಗಣಿತ ಪದವಿಗೆ ಸೇರಿದ್ದೇನೆ, ತರಗತಿ ಶುರುವಾಗೋಕೆ ಇನ್ನೆರಡು ತಿಂಗಳಿದೆ. ಮೊದಲ ಸೆಮಿಸ್ಟರಲ್ಲೇ ಅನಾಲಿಸಿಸ್ (ಮಿತಿ, ಶ್ರೇಣಿಗಳನ್ನು ಕರಾರುವಾಕ್ಕಾಗಿ ಸಾಧಿಸೋದು) ಮತ್ತು ಲೀನಿಯರ್ ಆಲ್ಜೀಬ್ರಾ (ವೆಕ್ಟರ್, ಮ್ಯಾಟ್ರಿಕ್ಸ್‌ಗಳ ಗಣಿತ) ಇವೆ. ಲೆಕ್ಕ ಬಿಡಿಸೋದು ಸಲೀಸು, ಆದರೆ ಪ್ರೂಫ್ (ಹೇಳಿಕೆ ಯಾಕೆ ನಿಜ ಎಂಬ ಸಾಧನೆ) ಬರೆದು ಅಭ್ಯಾಸವೇ ಇಲ್ಲ. ಈಗಲೇ ಏನು ಮಾಡಿಕೊಳ್ಳಲಿ? ಸಾಮಾನ್ಯವಾಗಿ ಎಲ್ಲಿ ತಪ್ಪಾಗುತ್ತೆ? ತಿಳಿದವರು ಹೇಳಿ.

ಉತ್ತರ 1: ಸಿಲೆಬಸ್ ಮುಂಚೆಯೇ ಓದಿ ಮುಗಿಸುವ ಗೋಜಿಗೆ ಹೋಗಬೇಡಿ. ಎರಡು ವಿಷಯ ಗಟ್ಟಿ ಮಾಡಿಕೊಳ್ಳಿ ಸಾಕು.

ಮೊದಲನೆಯದು ಅಸಮತೆಗಳು. ಮಾಡ್ಯುಲಸ್ (ಚಿಹ್ನೆ ಬಿಟ್ಟ ಬೆಲೆ) ಇರುವ ಅಸಮತೆ ಬಿಡಿಸೋದು, ತ್ರಿಭುಜ ಅಸಮತೆ (ಮೊತ್ತದ ಮಾಡ್ಯುಲಸ್ ಮಾಡ್ಯುಲಸ್‌ಗಳ ಮೊತ್ತವನ್ನು ಮೀರೋದಿಲ್ಲ), ಋಣ ಸಂಖ್ಯೆಯಿಂದ ಗುಣಿಸಿದಾಗ ಚಿಹ್ನೆ ತಿರುಗೋದು. ಅನಾಲಿಸಿಸ್‌ನಲ್ಲಿ ದಿನಬೆಳಗಾದರೆ ಇದೇ ಕೆಲಸ.

ಎರಡನೆಯದು "ಪ್ರತಿಯೊಂದಕ್ಕೂ", "ಒಂದಾದರೂ ಇದೆ" ಎಂಬ ಮಾತುಗಳ ಕ್ರಮ. "ಪ್ರತಿ ಪೂರ್ಣಾಂಕಕ್ಕೂ ಅದಕ್ಕಿಂತ ದೊಡ್ಡದೊಂದು ಪೂರ್ಣಾಂಕ ಇದೆ" ನಿಜ. "ಎಲ್ಲ ಪೂರ್ಣಾಂಕಗಳಿಗಿಂತ ದೊಡ್ಡದಾದ ಒಂದು ಪೂರ್ಣಾಂಕ ಇದೆ" ಸುಳ್ಳು. ಅದಲುಬದಲಾಗಿದ್ದು ಕ್ರಮ ಮಾತ್ರ. ಜೊತೆಗೆ ನಿಷೇಧಿಸೋದನ್ನೂ ಕಲಿಯಿರಿ (ಮಿತಿಯ ವ್ಯಾಖ್ಯೆಯಲ್ಲಿ ಎಪ್ಸಿಲಾನ್ ಅಂದರೆ ಉತ್ತರದಲ್ಲಿ ಒಪ್ಪುವ ಅಂತರ, ಡೆಲ್ಟಾ ಅಂದರೆ ಅದಕ್ಕಾಗಿ ಎಕ್ಸ್‌ಗೆ ಬಿಡುವ ಅಂತರ, ಎರಡೂ ಧನ ಸಂಖ್ಯೆಗಳು): "ಪ್ರತಿ ಎಪ್ಸಿಲಾನ್‌ಗೂ ತಕ್ಕ ಡೆಲ್ಟಾ ಇದೆ" ಅನ್ನೋದು ಸುಳ್ಳು ಎಂದರೆ "ಯಾವ ಡೆಲ್ಟಾ ಹಿಡಿದರೂ ಹೊಂದದಂಥ ಒಂದು ಎಪ್ಸಿಲಾನ್ ಇದೆ" ಎಂದರ್ಥ. "ಯಾವ ಎಪ್ಸಿಲಾನ್‌ಗೂ ಡೆಲ್ಟಾ ಇಲ್ಲ" ಎಂದಲ್ಲ. ಪರೀಕ್ಷೆಯಲ್ಲಿ ಅಂಕ ಹೋಗೋದು ಇಂಥಲ್ಲೇ.

ಉತ್ತರ 2: ಎಪ್ಸಿಲಾನ್–ಡೆಲ್ಟಾ ಮಾತು ಬಂದಿದ್ದರಿಂದ ಒಂದು ಲೆಕ್ಕ ಪೂರ್ತಿ ಬಿಡಿಸಿ ತೋರಿಸುತ್ತೇನೆ. ಎಕ್ಸ್ 2ರ ಹತ್ತಿರ ಹೋದಂತೆ ಎಕ್ಸ್ ವರ್ಗ 4ರ ಹತ್ತಿರ ಹೋಗುತ್ತೆ ಎಂದು ಸಾಧಿಸಬೇಕು.

ಕಚ್ಚಾ ಹಾಳೆಯಲ್ಲಿ: ಎಕ್ಸ್ ವರ್ಗಕ್ಕೂ 4ಕ್ಕೂ ಇರುವ ಅಂತರ ಅಂದರೆ (ಎಕ್ಸ್ − 2) ಮತ್ತು (ಎಕ್ಸ್ + 2) ಇವುಗಳ ಗುಣಲಬ್ಧದ ಮಾಡ್ಯುಲಸ್. ಮೊದಲನೆಯದು ನಮ್ಮ ಹಿಡಿತದಲ್ಲಿದೆ, ಎರಡನೆಯದು ಎಕ್ಸ್ ಜೊತೆ ಬದಲಾಗುತ್ತಲೇ ಇರುತ್ತೆ. ಬಹಳ ಜನ ಇಲ್ಲಿ "ಡೆಲ್ಟಾ = ಎಪ್ಸಿಲಾನ್ ಭಾಗಿಸು (ಎಕ್ಸ್ + 2)" ಎಂದು ಬರೆದುಬಿಡ್ತಾರೆ. ತಪ್ಪು. ಡೆಲ್ಟಾ ಆರಿಸುವಾಗ ಎಕ್ಸ್ ಇನ್ನೂ ಬಂದೇ ಇಲ್ಲ, ಅದರ ಮೇಲೆ ಡೆಲ್ಟಾ ಅವಲಂಬಿಸುವಂತಿಲ್ಲ. ದಾರಿ ಇದು: ಎಕ್ಸ್ 2ರಿಂದ 1ಕ್ಕಿಂತ ಕಡಿಮೆ ದೂರದಲ್ಲೇ ಇರುವಂತೆ ಮೊದಲೇ ಕಟ್ಟಿಹಾಕಿ. ಆಗ ಎಕ್ಸ್ 1 ಮತ್ತು 3ರ ನಡುವೆ, (ಎಕ್ಸ್ + 2) 5ಕ್ಕಿಂತ ಕಡಿಮೆ. ಹಾಗಾಗಿ 1 ಮತ್ತು ಎಪ್ಸಿಲಾನ್/5 ಇವೆರಡರಲ್ಲಿ ಚಿಕ್ಕದೇ ಡೆಲ್ಟಾ.

ಉತ್ತರ ಪತ್ರಿಕೆಯಲ್ಲಿ ಕ್ರಮ ತಿರುಗುಮುರುಗು. "ಎಪ್ಸಿಲಾನ್ ಕೊಟ್ಟಿದೆ, ಡೆಲ್ಟಾ ಇಷ್ಟಿರಲಿ" ಎಂದು ಶುರು ಮಾಡಿ ಅಸಮತೆಗೆ ಬರಬೇಕು. ಪುಸ್ತಕದಲ್ಲಿ ಡೆಲ್ಟಾ ಆಕಾಶದಿಂದ ಉದುರಿದಂತೆ ಕಾಣೋದು ಕಚ್ಚಾ ಹಾಳೆಯನ್ನು ಅಚ್ಚು ಹಾಕದ ಕಾರಣಕ್ಕೆ. ಸಂಖ್ಯೆ ಹಾಕಿಯೂ ನೋಡಿ: ಎಪ್ಸಿಲಾನ್ 0.1 ಆದರೆ ಡೆಲ್ಟಾ 0.02. 2.02ರ ವರ್ಗ 4.0804, ಅಂತರ 0.1ರೊಳಗೇ ಇದೆ.

ಉತ್ತರ 3: ಮೇಲಿನವರು ಹೇಳಿದಂತೆ ಕ್ರಮ ತಿರುಗಿಸದೆ ಬಿಟ್ಟರೆ ಒಂದು ಅಪಾಯ ಇದೆ. ಸಾಧಿಸಬೇಕಾದ್ದನ್ನೇ ಮೊದಲ ಸಾಲಲ್ಲಿ ಬರೆದು, ಕೊನೆಗೆ "0 = 0" ಬಂತು, ಸಾಧಿಸಿದೆ ಅನ್ನೋದು. ಹಾಗಾದರೆ −1 = 1 ಎಂದು ಶುರು ಮಾಡಿ ಎರಡೂ ಕಡೆ ವರ್ಗ ಮಾಡಿ, 1 = 1 ಬರುತ್ತೆ! ಪ್ರತಿ ಹೆಜ್ಜೆಯೂ ಹಿಂದಕ್ಕೆ ನಡೆಯುತ್ತದೆಯೇ ಎಂದು ನೋಡಿ, ನಡೆದರೆ ಕೆಳಗಿನಿಂದ ಮೇಲಕ್ಕೆ ಹೊಸದಾಗಿ ಬರೆಯಿರಿ.

ಇನ್ನೊಂದು, ಪದಗಳು ಸೊನ್ನೆಯತ್ತ ಹೋದರೆ ಶ್ರೇಣಿಯ ಮೊತ್ತ ಸಾಂತ ಎಂದುಕೊಳ್ಳೋದು. 1 + 1/2 + 1/3 + 1/4 + … ನೋಡಿ. 1/3 ಮತ್ತು 1/4 ಸೇರಿದರೆ ಅರ್ಧಕ್ಕಿಂತ ಹೆಚ್ಚು, 1/5ರಿಂದ 1/8ರವರೆಗಿನ ನಾಲ್ಕು ಸೇರಿದರೂ ಅರ್ಧಕ್ಕಿಂತ ಹೆಚ್ಚು. ಹೀಗೆ ಅರ್ಧಗಳು ಸೇರುತ್ತಲೇ ಹೋಗುತ್ತವೆ, ಮೊತ್ತಕ್ಕೆ ಮಿತಿಯೇ ಇಲ್ಲ.

ಉತ್ತರ 4: ಎಲ್ಲರೂ ಅನಾಲಿಸಿಸ್ ಹಿಂದೆಯೇ ಬಿದ್ದಿದ್ದಾರೆ. ಲೀನಿಯರ್ ಆಲ್ಜೀಬ್ರಾ ಶುರುವಿನಲ್ಲಿ ಬರೀ ಮ್ಯಾಟ್ರಿಕ್ಸ್ ಲೆಕ್ಕ, ಸುಲಭ ಅನಿಸುತ್ತೆ. ವೆಕ್ಟರ್ ಸ್ಪೇಸ್ (ಒಳಗಿನವುಗಳನ್ನು ಕೂಡಿಸಿದರೂ, ಸಂಖ್ಯೆಯಿಂದ ಗುಣಿಸಿದರೂ ಹೊರಗೆ ಹೋಗದ ಗುಂಪು) ಬಂದ ಮೇಲೆ ಮೈಮರೆತವರು ಸಿಕ್ಕಿಬೀಳ್ತಾರೆ.

ವೆಕ್ಟರ್‌ಗಳನ್ನು ಸಂಖ್ಯೆಗಳಿಂದ (ಸಹಗುಣಕಗಳಿಂದ) ಗುಣಿಸಿ ಕೂಡಿಸುತ್ತೇವೆ. ಅಲ್ಲಿ ರೇಖೀಯ ಸ್ವಾತಂತ್ರ್ಯದ ವ್ಯಾಖ್ಯೆ ಕೇಳಿದರೆ "ಸಹಗುಣಕ ಎಲ್ಲ 0 ಆದಾಗ ಮೊತ್ತ 0" ಎಂದು ಬರೆಯೋರು ಬಹಳ. ಅದು ಯಾವ ವೆಕ್ಟರ್‌ಗಳಿಗಾದರೂ ನಿಜವೇ! ಸರಿಯಾದದ್ದು ಉಲ್ಟಾ: ಮೊತ್ತ 0 ಆದರೆ ಸಹಗುಣಕ ಎಲ್ಲವೂ 0 ಆಗಲೇಬೇಕು. (1, 2) ಮತ್ತು (2, 4) ತಗೊಳ್ಳಿ. ಮೊದಲನೆಯದರ ಎರಡು ಪಟ್ಟಿನಿಂದ ಎರಡನೆಯದನ್ನು ಕಳೆದರೆ ಸೊನ್ನೆ, ಸಹಗುಣಕ 2 ಮತ್ತು −1. ಸ್ವಾತಂತ್ರ್ಯ ಇಲ್ಲ.

ಪ್ರತಿ ವ್ಯಾಖ್ಯೆಗೂ ಹೊಂದುವ ಉದಾಹರಣೆ ಒಂದು, ಸ್ವಲ್ಪದರಲ್ಲಿ ತಪ್ಪುವ ಉದಾಹರಣೆ ಒಂದು ಬರೆದಿಡಿ. ಘಾತ 2 ಅಥವಾ ಅದಕ್ಕಿಂತ ಕಡಿಮೆ ಇರುವ ಬಹುಪದಗಳು (ಸೊನ್ನೆಯೂ ಸೇರಿ) ವೆಕ್ಟರ್ ಸ್ಪೇಸ್ ಆಗುತ್ತವೆ. ಘಾತ ಸರಿಯಾಗಿ 2 ಇರುವವು ಆಗೋದಿಲ್ಲ: ಎಕ್ಸ್ ವರ್ಗ + ಎಕ್ಸ್‌ಗೆ ಋಣ ಎಕ್ಸ್ ವರ್ಗ ಕೂಡಿಸಿದರೆ ಉಳಿಯೋದು ಬರೀ ಎಕ್ಸ್.

ಉತ್ತರ 5: ದಿನಚರಿ ಬಗ್ಗೆ ಚುಟುಕಾಗಿ. ಅಸೈನ್‌ಮೆಂಟ್ ಕೊಟ್ಟ ದಿನವೇ ಎಲ್ಲ ಪ್ರಶ್ನೆ ಓದಿ, ಕೊನೆಯ ರಾತ್ರಿಗೆ ಇಟ್ಟುಕೊಂಡರೆ ಕೆಲಸ ಕೆಟ್ಟಿತು. ಸಿಕ್ಕಿಹಾಕಿಕೊಂಡರೆ ಕೊಟ್ಟಿದ್ದೇನು, ಬೇಕಾದ್ದೇನು ಎಂದು ಬರೆದು ಅದರಲ್ಲಿರುವ ಪ್ರತಿ ಪದದ ವ್ಯಾಖ್ಯೆ ಬಿಡಿಸಿ ಬರೆಯಿರಿ. ಎಷ್ಟೋ ಸಲ ಪ್ರೂಫ್ ಅಲ್ಲೇ ಅರ್ಧ ಮುಗಿದಿರುತ್ತೆ. ಅರ್ಧ ಗಂಟೆ ಒದ್ದಾಡದೆ ಉತ್ತರ ನೋಡಬೇಡಿ. ನೋಡಿದರೂ ಎರಡು ಸಾಲು ನೋಡಿ ಮುಚ್ಚಿ. ಗೆಳೆಯರ ಜೊತೆ ಚರ್ಚೆ ಮಾಡಿ, ಬರೆಯೋದು ಮಾತ್ರ ಒಬ್ಬರೇ. ಮೇಷ್ಟ್ರ ಹತ್ತಿರ "ಅರ್ಥ ಆಗ್ಲಿಲ್ಲ ಸರ್" ಅನ್ನೋದಕ್ಕಿಂತ "ಮೂರನೇ ಸಾಲಿಂದ ನಾಲ್ಕನೇ ಸಾಲು ಹೇಗೆ ಬಂತು" ಎಂದು ಕೇಳಿದರೆ ಕೆಲಸ ಬೇಗ ಆಗುತ್ತೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಪ್ರೂಫ್‌ಗಳನ್ನು ಬಾಯಿಪಾಠ ಮಾಡಬೇಕಾ?

ಉತ್ತರ 2: ವ್ಯಾಖ್ಯೆಗಳನ್ನು ಅಕ್ಷರಕ್ಕಕ್ಷರ ಮಾಡಿ, ಪ್ರೂಫ್‌ಗಳನ್ನಲ್ಲ. ಪ್ರೂಫ್‌ನಲ್ಲಿ ನೆನಪಿಡಬೇಕಾದ್ದು ಒಂದೋ ಎರಡೋ ತಿರುವು. 2ರ ವರ್ಗಮೂಲ ಅಭಾಗಲಬ್ಧ (ಅದನ್ನು ಪಿ/ಕ್ಯೂ ಎಂಬ ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲಾಗದು) ಎನ್ನುವಲ್ಲಿ ತಿರುವು ಇದು: ಪಿ ವರ್ಗ ಸಮಸಂಖ್ಯೆಯಾದರೆ ಪಿ ಕೂಡ ಸಮ. ಅರ್ಥವಾಗಿದೆಯೇ ಎಂದು ಪರೀಕ್ಷಿಸಿಕೊಳ್ಳಲು ಅದೇ ಪ್ರೂಫನ್ನು 3ಕ್ಕೆ ಬರೆಯಿರಿ, ನಡೆಯುತ್ತೆ. ಆಮೇಲೆ 4ಕ್ಕೆ ಬರೆಯಿರಿ. 4ರ ವರ್ಗಮೂಲ 2, ಅಂದಮೇಲೆ ಪ್ರೂಫ್ ಎಲ್ಲೋ ಮುರಿಯಲೇಬೇಕು. ಮುರಿಯೋದು ಆ ತಿರುವಿನಲ್ಲೇ: ಪಿ 2 ಆದಾಗ ಪಿ ವರ್ಗವನ್ನು 4 ಭಾಗಿಸುತ್ತೆ, ಪಿಯನ್ನು ಭಾಗಿಸೋದಿಲ್ಲ.