ಸೌಧ: ಸುಣ್ಣದಿಂದ ಸರ್ಕಾರಿ ಕಚೇರಿಗೆ

ಭವ್ಯವಾದ ಯಾವ ಕಟ್ಟಡವನ್ನಾದರೂ ‘ಸೌಧ’ ಎನ್ನಬಹುದೇ, ನಮ್ಮ ಮೈಸೂರಿನ ಲಲಿತಮಹಲನ್ನೂ ಹಾಗೆ ಬರೆಯಬಹುದೇ ಎಂಬುದು ಪ್ರಶ್ನೆ. ಲಲಿತಮಹಲಿಗೆ ಧಾರಾಳವಾಗಿ ಬರೆಯಬಹುದು. ಮೂಲಾರ್ಥ ಹಿಡಿದರೆ ವಿಧಾನಸೌಧಕ್ಕಿಂತ ಆ ಬಿಳಿ ಅರಮನೆಗೇ ಈ ಪದ ಹೆಚ್ಚು ಒಪ್ಪುತ್ತದೆ.

ಸಂಸ್ಕೃತದ ‘ಸುಧಾ’ ಎಂದರೆ ಅಮೃತ, ಸುಣ್ಣವೂ ಹೌದು. ಸುಧೆ ಬಳಿದದ್ದು ಸೌಧ, ಅಂದರೆ ಸುಣ್ಣದ ಗಾರೆ ಮಾಡಿ ಬೆಳ್ಳಗಾಗಿಸಿದ ಮನೆ. ಹಳೆಯ ಗಾರೆ ಕೆಲಸ ಬಡವರ ಕೈಗೆಟುಕುವಂಥದ್ದಲ್ಲ. ಸುಣ್ಣದ ಕಲ್ಲನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ವಾರಗಟ್ಟಲೆ ನೆನೆಯಲು ಬಿಡಬೇಕು. ಆಮೇಲೆ ಮರಳು ಬೆರೆಸಿ ಎತ್ತಿನ ಗಾಣದಲ್ಲಿ ಅರೆಯಬೇಕು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುವುದೂ ಉಂಟು. ಅವಸರ ಮಾಡಿದರೆ ಅರಳದೆ ಉಳಿದ ಹರಳುಗಳು ಗೋಡೆಯ ಮೇಲೆ ತೇವ ಹೀರಿ ಉಬ್ಬುತ್ತವೆ, ಗಾರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಇಷ್ಟೆಲ್ಲ ಮಾಡಿಸುವ ಶಕ್ತಿ ಯಾರಿಗಿತ್ತೆಂದು ಯೋಚಿಸಿದರೆ ಸಂಸ್ಕೃತದ ಹಳೆಯ ನಿಘಂಟಾದ ಅಮರಕೋಶ ಸೌಧವನ್ನು ಅರಸನ ಮನೆ ಎಂದದ್ದು ಸಹಜವೆನಿಸುತ್ತದೆ. ಅಲ್ಲಿ ಹಣವಂತರ ಮನೆ ಹರ್ಮ್ಯ, ದೇವರದೂ ದೊರೆಯದೂ ಪ್ರಾಸಾದ. (‘ಪ್ರಾ’ದ ದೀರ್ಘ ಬಿಟ್ಟರೆ ಕೈಗೆ ಸಿಗುವುದು ಪ್ರಸಾದ.)

1956ರಲ್ಲಿ ಬೆಂಗಳೂರಿನ ವಿಧಾನಸೌಧ ಮುಗಿಯಿತು. ಅದು ಗ್ರಾನೈಟ್ ಕಲ್ಲಿನದು, ಸುಣ್ಣದ ಬಿಳುಪಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಆಮೇಲೆ ಸೌಧ ಎಂದರೆ ಜನರ ಬಾಯಲ್ಲಿ ಸರ್ಕಾರದ ಕಟ್ಟಡವೇ ಆಯಿತು: ವಿಕಾಸಸೌಧ, ಬೆಳಗಾವಿಯ ಸುವರ್ಣ ವಿಧಾನಸೌಧ, ಮೈಸೂರು ನಜರ್‌ಬಾದಿನ ಮಿನಿ ವಿಧಾನಸೌಧ. ಸೌಧಕ್ಕೆ ‘ಮಿನಿ’ ಅಂಟಿಸಿದ್ದು ನನಗಂತೂ ಇಂದಿಗೂ ರುಚಿಸದು.

ಮೈಸೂರಿನ ಆಡುಮಾತಿನಲ್ಲಿ ಅಂಬಾವಿಲಾಸ ಬರಿಯ ‘ಅರಮನೆ’. ಸೌಧ ಎಂದರೆ ಟಾಂಗಾದವನಿಗೂ ದಾರಿ ತಿಳಿಯದು. ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಜಯಲಕ್ಷ್ಮಿ, ಈಗ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ. ಇರುವ ಚೆಲುವಾಂಬ, ಈ ಅರಮನೆಗಳ ಹೆಸರಿಗೆ ‘ವಿಲಾಸ’ ಸೇರಿದೆ. ಮಹಲು ಅರಬ್ಬಿಯಿಂದ ಬಂದದ್ದು. ಹೆಸರಾಗಿ ನೆಲೆ ನಿಂತವನ್ನು ತಿದ್ದಲು ಹೋಗಬಾರದು. ವರ್ಣನೆಯಲ್ಲಿ ಮಾತ್ರ ‘ಲಲಿತಮಹಲೆಂಬ ಶ್ವೇತಸೌಧ’ ಎಂದರೆ ಚೆನ್ನ.

ಬರೆಯುವಾಗ ‘ಸೌದ’ ತಪ್ಪು, ಮಹಾಪ್ರಾಣ ಬೇಕು. ವಿಧಾನಸೌಧ ಸಮಾಸಪದ, ನಡುವೆ ತೆರಪು ಬೇಡ. ‘ವಿಧಾನಸೌಧ ಕಟ್ಟಡ’ ಎಂಬಲ್ಲಿ ಕಟ್ಟಡ ದಂಡ. ಹತ್ತು ಮಹಡಿಯ ಅಪಾರ್ಟ್‌ಮೆಂಟಿಗೆ ‘ಬಹುಮಹಡಿ ಕಟ್ಟಡ’ ಸಾಕು, ಎತ್ತರವೊಂದೇ ಸೌಧದ ಲಕ್ಷಣವಲ್ಲ. ‘ಕನಸಿನ ಸೌಧ ಕುಸಿಯಿತು’ ಎನ್ನಬಹುದು. ಬುಡವೇ ಇಲ್ಲದ ಆಸೆಗಾದರೆ ‘ಗಾಳಿಗೋಪುರ’ ಇದ್ದೇ ಇದೆ.