ನೋ-ಲಿಮಿಟ್ ಪೋಕರ್‌ನಲ್ಲಿ ಬ್ಲಫ್ (ಒಳ್ಳೆ ಎಲೆ ಇಲ್ಲದಿದ್ದರೂ ಇದ್ದಂತೆ ಬೆಟ್ ಕಟ್ಟೋದು) ಯಾವಾಗ ಸರಿ?

ಎಕ್ಕರಾಜ: ನಾನಿರುವುದು ಸ್ಯಾನ್ ಹೋಸೆಯಲ್ಲಿ. ಶನಿವಾರ ಇಲ್ಲಿನ ಕಾರ್ಡ್‌ರೂಮ್‌ನಲ್ಲಿ 1-3 ಡಾಲರ್ ಹೋಲ್ಡೆಮ್ ಆಡುತ್ತಿದ್ದೆ (ಪ್ರತಿ ಆಟಕ್ಕೆ ಇಬ್ಬರು ಮೊದಲೇ 1 ಮತ್ತು 3 ಹಾಕಬೇಕು; ಕೈಯಲ್ಲಿ ಎರಡೆರಡು ಎಲೆ, ಬೋರ್ಡ್ ಮೇಲೆ ಎಲ್ಲರಿಗೂ ಸೇರಿದ ಐದು). ಕೈಯಲ್ಲಿ ಎಕ್ಕ, ರಾಜ. ಬೆಟ್ಟನ್ನು 15ಕ್ಕೆ ಏರಿಸಿ ರೇಸ್ ಮಾಡಿದೆ, ಇಬ್ಬರು ಅಷ್ಟೇ ಹಾಕಿ ಕಾಲ್ ಮಾಡಿದರು. ಫ್ಲಾಪ್‌ನಲ್ಲಿ (ಬೋರ್ಡ್‌ನ ಮೊದಲ ಮೂರು ಎಲೆ) ಗುಲಾಮ, 8, 4. 30 ಹಾಕಿದೆ, ಇಬ್ಬರೂ ಕಾಲ್. ಟರ್ನ್ (ನಾಲ್ಕನೇ ಎಲೆ) 2. ನನ್ನದು 80, ಒಬ್ಬ ಎಲೆ ಬಿಟ್ಟು ಫೋಲ್ಡ್, ಇನ್ನೊಬ್ಬ ಕಾಲ್. ರಿವರ್ (ಕೊನೆಯ ಎಲೆ) 6. ಪಾಟ್‌ನಲ್ಲಿ (ಎಲ್ಲರೂ ಹಾಕಿದ ಒಟ್ಟು ಹಣ) 295ರಷ್ಟಿತ್ತು. ಉಳಿದಿದ್ದ 200ನ್ನೂ ತಳ್ಳಿಬಿಟ್ಟೆ. ಅವನು ಗುಲಾಮ-10 ಇಟ್ಟುಕೊಂಡು ಕಾಲ್ ಮಾಡಿದ! ಬರೀ ಒಂದು ಜೋಡಿ. ಹಾಗಾದ್ರೆ ಬ್ಲಫ್ ಮಾಡಬೇಕಾದ್ದು ಯಾವಾಗ?

ಮೂಲೆಸೀಟು: ಹನ್ನೆರಡು ವರ್ಷದಿಂದ ಇದೇ ಸಣ್ಣ ಟೇಬಲ್‌ಗಳಲ್ಲಿ ಕೂತವನು ನಾನು. ಮೊದಲು ಲೆಕ್ಕ ನೋಡಿ. 295 ಗೆಲ್ಲಲು 200 ಹಾಕಿದ್ದೀರಿ. 200ನ್ನು 495ರಿಂದ ಭಾಗಿಸಿ. ನೂರಕ್ಕೆ 40 ಸಲಕ್ಕಿಂತ ಜಾಸ್ತಿ ಅವನು ಫೋಲ್ಡ್ ಮಾಡಿದರೆ ಮಾತ್ರ ನಿಮಗೆ ಲಾಭ. ಗುಲಾಮನ ಜೋಡಿ ಹಿಡಿದು ಎರಡು ಸಲ ಕಾಲ್ ಮಾಡಿದವನು, 2 ಮತ್ತು 6 ಬಂದವು ಅಂತ ಯಾಕೆ ಹೆದರುತ್ತಾನೆ? ಆ ಎಲೆಗಳಿಂದ ಏನೂ ಬದಲಾಗಲಿಲ್ಲ ಅಲ್ವಾ?

2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಟೂರ್ನಿ, ಅಂದರೆ ಮೇನ್ ಇವೆಂಟ್‌ನ ಕೊನೆಯ ಇಬ್ಬರ ಆಟ ನೆನಪಿಸಿಕೊಳ್ಳಿ. ಕ್ರಿಸ್ ಮನಿಮೇಕರ್ ಕೈಯಲ್ಲಿ ಸ್ಪೇಡ್ ರಾಜ ಮತ್ತು 7. ಟರ್ನ್ ಹೊತ್ತಿಗೆ ಬೋರ್ಡ್ ಮೇಲೆ 9, 6, 8 ಮೂರೂ ಸ್ಪೇಡ್, ಜೊತೆಗೊಂದು 2. ಇನ್ನೊಂದು ಸ್ಪೇಡ್ ಬಂದರೆ ಫ್ಲಶ್ (ಒಂದೇ ಜಾತಿಯ ಐದು ಎಲೆ), 5 ಅಥವಾ 10 ಬಂದರೆ ಸ್ಟ್ರೇಟ್ (ಸಾಲಾಗಿ ಐದು ಎಲೆ). ರಿವರ್ 3, ಎರಡೂ ತಪ್ಪಿತು. ಆದರೂ ಇದ್ದದ್ದನ್ನೆಲ್ಲ ಹಾಕಿ ಆಲ್-ಇನ್ ಹೋದರು. ಸ್ಯಾಮಿ ಫರ್ಹಾ ಹತ್ತಿರ 9ರ ಜೋಡಿ, ಅಂದರೆ ಗೆಲ್ಲುವ ಕೈಯೇ ಇತ್ತು. ಆದರೆ ಫ್ಲಶ್‌ನ ಭಯ ಕಣ್ಣೆದುರೇ ಇತ್ತು. ತುಂಬ ಹೊತ್ತು ಯೋಚಿಸಿ ಫೋಲ್ಡ್ ಮಾಡಿದರು. ಎದುರಾಳಿ ನಂಬಲು ಬೋರ್ಡ್‌ನಲ್ಲಿ ಕಾರಣ ಬೇಕು, ಎದುರಾಳಿಯೂ ಎಲೆ ಕೆಳಗಿಡಬಲ್ಲವನಾಗಿರಬೇಕು. ಆ ಎರಡನೆಯದನ್ನು ನಾನು ಕಲಿತದ್ದು ತುಂಬ ದುಡ್ಡು ಕಳೆದುಕೊಂಡ ಮೇಲೆ.

ಹಾಸನದ_ಹುಡುಗಿ: ಅಣ್ಣ ಹೇಳಿದ್ದು ಸರಿ, ಆದರೆ ಫ್ಲಾಪ್‌ನಲ್ಲೇ ಎಡವಟ್ಟಾಗಿದೆ. 46ರ ಪಾಟ್‌ಗೆ 30 ಅಂದ್ರೆ ಅಲ್ಲೂ ಸುಮಾರು 40 ಸಲ ಫೋಲ್ಡ್ ಬೇಕು. ಎದುರಿಗೆ ಇಬ್ಬರಿದ್ದರು. ಒಬ್ಬೊಬ್ಬರೂ ಅರ್ಧ ಸಲ ಬಿಡ್ತಾರೆ ಅಂದುಕೊಂಡರೂ, ಇಬ್ಬರೂ ಒಟ್ಟಿಗೆ ಬಿಡೋದು ನೂರಕ್ಕೆ 25 ಸಲ ಅಷ್ಟೆ. ಮುಂದೆ ಎಕ್ಕವೋ ರಾಜವೋ ಬಂದರೆ ಜೋಡಿ ಆಗುತ್ತೆ, ಅದಕ್ಕೇ ಒಂದು ಬೆಟ್ ಪರವಾಗಿಲ್ಲ. ಟರ್ನ್‌ನಲ್ಲಿ ನಾನಾಗಿದ್ರೆ ಬೆಟ್ ಹಾಕದೆ ಚೆಕ್ ಮಾಡ್ತಿದ್ದೆ.

ಎಕ್ಕರಾಜ: ಇಬ್ಬರಿಗೂ ಥ್ಯಾಂಕ್ಸ್. ಈಗ ಒಂದು ವಿಷಯ ಹೊಳೆಯಿತು. ಅವನು ಅದಕ್ಕೆ ಒಂದು ಗಂಟೆ ಮುಂಚೆ 4ರ ಜೋಡಿ ಹಿಡಿದು ಬೇರೆಯವರ ದೊಡ್ಡ ಬೆಟ್‌ಗೂ ಕಾಲ್ ಮಾಡಿದ್ದ. ಪಕ್ಕದಲ್ಲೇ ಕೂತು ನೋಡಿದ್ದೆ. 200 ತಳ್ಳುವಾಗ ಅದು ನೆನಪಿಗೇ ಬರಲಿಲ್ಲ.